ಹಾವಿನ ಬೆಲ್ಟೂ, ಹೊಲಿಗೆಯ ಟೇಪೂ

ಒಂದು ಮನೆಗೆ ಎಷ್ಟು ಇಕ್ಕಳ ಬೇಕು? ನಮ್ಮವರನ್ನು ಕೇಳಿದರೆ ಒಂದು ಸಾಕು ಎನ್ನುತ್ತಾರೆ. ಒಲೆಯ ಮುಂದೆ ನಿಲ್ಲುವವರಿಗಲ್ಲವೆ ಅದರ ಕಷ್ಟ ಗೊತ್ತು! ತೆಳು ಅಂಚಿನ ತಪ್ಪಲೆಯನ್ನು ಹಿಡಿಯುವ ಇಕ್ಕಳ ದಪ್ಪ ಅಂಚಿನ ಬಾಣಲೆಗೆ ಕೂರುವುದಿಲ್ಲ. ಹಾಲಿನ ಪಾತ್ರೆ ಇಳಿಸುವ ಇಕ್ಕಳದಿಂದ ಇಡ್ಲಿ ತಟ್ಟೆ ಎತ್ತಲು ಹೋದರೆ ಕೈ ಸುಟ್ಟುಕೊಂಡ ಹಾಗೆಯೇ. ಸಲಕರಣೆ ಅನ್ನೋದು ಕೆಲಸಕ್ಕೂ ಒಪ್ಪಬೇಕು, ಜಾಗಕ್ಕೂ ಒಪ್ಪಬೇಕು, ಹಿಡಿಯುವ ಕೈಗೂ ಒಪ್ಪಬೇಕು. ಈ ಮಾತು ಕಾರಿನ ಹೊಟ್ಟೆಯೊಳಗೂ ಅಷ್ಟೇ ನಿಜ ಅಂತ ನಾನು ಕಂಡದ್ದು ಅಮೆರಿಕದಲ್ಲಿ, ಮಗಳ ಬಾಣಂತನಕ್ಕೆಂದು ಹೋಗಿದ್ದಾಗ. ನಗಬೇಡಿ, ಪೂರ್ತಿ ಕೇಳಿ.

ನಾನು ಹೋದದ್ದು 2023ರ ಆಗಸ್ಟ್ ತಿಂಗಳಲ್ಲಿ, ಓಹಾಯೋ ರಾಜ್ಯದ ಕೊಲಂಬಸ್ ಊರಿಗೆ. ಮೊಮ್ಮಗು ಹುಟ್ಟಿ ಎರಡು ತಿಂಗಳು ತುಂಬುವಷ್ಟರಲ್ಲಿ ಅಳಿಯಂದಿರ ಕೆಲಸ ಹೋಯಿತು. ಬೇರೆ ರಾಜ್ಯದಲ್ಲಿ ತಾತ್ಕಾಲಿಕವಾಗಿ ಏನೋ ಒಂದು ಸಿಕ್ಕಿತೆಂದು ಅವರು ಅಲ್ಲಿಗೆ ಹೊರಟರು. ಮನೆಯಲ್ಲಿ ಉಳಿದದ್ದು ನಾನು, ಮಗಳು, ಕೂಸು, ಮತ್ತು ಹನ್ನೊಂದು ವರ್ಷದ ಒಂದು ಹಳೆಯ ಕಾರು. ಮಗಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹೆರಿಗೆ ರಜೆ ಮುಗಿದ ಮೇಲೆ ಬೆಳಗಿನ ಆರು ಗಂಟೆಗೆಲ್ಲ ಅಲ್ಲಿರಬೇಕು. ಆ ಹೊತ್ತಿಗೆ ಅವರ ಬೀದಿಯ ಹತ್ತಿರ ಒಂದು ಬಸ್ಸೂ ಇಲ್ಲ. ಕಾರು ನಿಂತರೆ ಸಂಬಳವೂ ನಿಂತ ಹಾಗೆ.

ಅಂಥದರಲ್ಲಿ ಚಳಿ ಶುರುವಾದ ಒಂದು ಬೆಳಿಗ್ಗೆ ಕಾರು ಹೊರಡುವಾಗ ಕಿರ್‍ರೋ ಎಂದು ಕಿರಿಚಿಕೊಂಡಿತು. ಎರಡು ನಿಮಿಷ ಕೂಗಿ ಸುಮ್ಮನಾಯಿತು. ಮಾರನೆಯ ದಿನವೂ ಹಾಗೇ. ಮಗಳು ಬಾನೆಟ್ ಎತ್ತಿ, ಟಾರ್ಚ್ ಹಿಡಿದು ನನಗೆ ತೋರಿಸಿದಳು.

ನಮ್ಮ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಬೀಸುವ ಕಲ್ಲಿಗೆ ಉದ್ದನೆಯ ಬೆಲ್ಟ್ ಪಟಪಟ ಎಂದು ಓಡುತ್ತದಲ್ಲ, ಅದರ ತಮ್ಮ ಇದು. ಒಂದೇ ಬೆಲ್ಟ್ ಎಂಜಿನ್ನಿನ ಪಕ್ಕದಲ್ಲಿ ಈ ಪುಲ್ಲಿಯ ಮೇಲೆ, ಆ ಪುಲ್ಲಿಯ ಕೆಳಗೆ ಎಂದು ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಅದಕ್ಕೇ ಸರ್ಪೆಂಟೈನ್ ಬೆಲ್ಟ್ ಎಂಬ ಹೆಸರು. ಹಿಂದೆ ಒಂದೊಂದಕ್ಕೆ ಒಂದೊಂದು ಬೆಲ್ಟ್ ಇರುತ್ತಿತ್ತು. 1979ರ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ ಈ ಒಂದೇ ಬೆಲ್ಟಿನ ಏರ್ಪಾಡು ಬಂತು, ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್, ಏಸಿ, ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಹಗುರ ಮಾಡುವ ಪಂಪು, ಎಂಜಿನ್ ಬಿಸಿಯಾಗದಂತೆ ನೀರು ಹರಿಸುವ ಪಂಪು, ಎಲ್ಲವನ್ನೂ ತಿರುಗಿಸುವುದು ಈ ಒಂದೇ ಬೆಲ್ಟು. ಓಡುವಾಗ ಅದು ಹರಿದರೆ ಬ್ಯಾಟರಿ ದೀಪ ಹತ್ತಿಕೊಳ್ಳುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ, ಎಂಜಿನ್ ಕುದಿಯುತ್ತದೆ. ಕತ್ತಲೆಯಲ್ಲಿ, ಹೆದ್ದಾರಿಯ ಮಧ್ಯೆ, ಒಬ್ಬಳೇ ಹೆಣ್ಣುಮಗಳು! ನೆನೆಸಿಕೊಂಡೇ ನನಗೆ ಎದೆ ಡವಗುಟ್ಟಿತು.

ಗ್ಯಾರೇಜಿಗೆ ತೋರಿಸಿದ್ದಾಯಿತು. ಅಲ್ಲಿಯವನು ಬಾನೆಟ್ಟನ್ನೂ ಎತ್ತದೆ, ಬೆಲ್ಟೂ ಹೋಗಿದೆ, ಅದನ್ನು ಬಿಗಿ ಹಿಡಿಯುವ ಟೆನ್ಷನರೂ ಹೋಗಿದೆ, ಕೂಲಿ ಸೇರಿ 340 ಡಾಲರ್ ಎಂದ. ಮೇಲೆ, "ಬೇಕಾದರೆ ನಿಮ್ಮ ಯಜಮಾನರನ್ನು ಕೇಳಿಕೊಂಡು ಬನ್ನಿ" ಎಂದನಂತೆ. ಮಗಳು ಮನೆಗೆ ಬಂದವಳೇ ಚೀಲ ಎಸೆದು ಕೂತಳು. ಆ ತಿಂಗಳು ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಎಷ್ಟು ಉಳಿದಿತ್ತೆಂದು ನನಗೂ ಗೊತ್ತು.

"ಅಮ್ಮ, ನಾನೇ ಹಾಕ್ತೀನಿ" ಅಂದಳು.

"ಹುಚ್ಚೇನೇ ಪುಟ್ಟಿ? ಹಸಿ ಬಾಣಂತಿ ಮೈ, ಕೈಬೆರಳು ಸಿಕ್ಕಿಕೊಂಡರೆ?"

"ಎಂಜಿನ್ ನಿಂತಿರುತ್ತಮ್ಮ. ಹೊಲಿಗೆ ಮಿಷನ್ನಿನ ಬೆಲ್ಟು ಸಡಿಲ ಆದಾಗ ನೀನೇ ಕತ್ತರಿಸಿ ಕೊಂಡಿ ಹಾಕ್ತಿರಲಿಲ್ವಾ? ಯಾರನ್ನ ಕೇಳ್ದೆ ಆವಾಗ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಪಕ್ಕದ ಮನೆಯ ಮುದುಕರ ಹತ್ತಿರ ಸಾಕೆಟ್ಟುಗಳ ಡಬ್ಬಿ ತಂದಳು. ಟೆನ್ಷನರ್ ಎಂದರೆ ಸ್ಪ್ರಿಂಗ್ ಇರುವ ಒಂದು ತೋಳು. ಬೆಲ್ಟನ್ನು ಸದಾ ಒತ್ತಿ ಹಿಡಿದಿರುತ್ತದೆ. ಅದರ ಬೋಲ್ಟಿಗೆ ಸಾಕೆಟ್ ಸಿಕ್ಕಿಸಿ, ಸ್ಪ್ರಿಂಗಿಗೆ ಎದುರಾಗಿ ತಿರುಗಿಸಿ ಹಿಡಿದರೆ ಬೆಲ್ಟ್ ಸಡಿಲವಾಗುತ್ತದೆ. ಕೆಲಸ ಇಷ್ಟೇ. ಬೋಲ್ಟಿಗೆ 15 ಮಿಲಿಮೀಟರಿನ ಸಾಕೆಟ್ ಸರಿಯಾಗಿ ಕೂತಿತು. ಆದರೆ ಹಿಡಿಯನ್ನು ಸೇರಿಸಿ ಒಳಗೆ ತೂರಿಸಲು ಜಾಗವೇ ಇಲ್ಲ! ಎಂಜಿನ್ ಅಡ್ಡಡ್ಡಲಾಗಿ ಕೂತಿರುವ ಕಾರು. ಬೆಲ್ಟಿಗೂ ಕಾರಿನ ಪಕ್ಕದ ತಗಡಿಗೂ ನಡುವೆ ಸಣ್ಣ ಸಂದು. ಹೇಗೋ ಓರೆಯಾಗಿ ತೂರಿಸಿ ಎಳೆದಳು, ಜಾರಿ ಬೆರಳಿನ ಗೆಣ್ಣು ತರಚಿತು. ಅರಿಸಿನ ಹಚ್ಚಿದೆ. ಅಷ್ಟಕ್ಕೇ ಬಿಡುತ್ತಾಳೆಂದುಕೊಂಡೆ. ಬಿಡಲಿಲ್ಲ. ಈ ಕೆಲಸಕ್ಕೆಂದೇ ಬೇರೆ ಸಲಕರಣೆ ಉಂಟು, ಅಂಗಡಿಗೆ ಹೋಗೋಣ ಎಂದಳು.

"ಅಳತೆ ತಗೊಳ್ಳದೆ ರವಿಕೆ ಕಣ ತರ್ತಾರೇನೇ?" ಎಂದು ನಾನು ಚೀಲದಲ್ಲಿದ್ದ ಹೊಲಿಗೆಯ ಟೇಪು ತೆಗೆದೆ. ಆ ಸಂದಿಗೆ ಟೇಪು ಇಳಿಬಿಟ್ಟು ನೋಡಿದೆವು. ಬೋಲ್ಟಿನ ಮುಂದೆ ಒಂದೂವರೆ ಇಂಚು. ಮುದುಕರ ಹಿಡಿಯೂ ಸಾಕೆಟ್ಟೂ ಸೇರಿ ಎರಡೂಕಾಲು. ಮತ್ತೆ ಹೇಗೆ ಹಿಡಿಸೀತು! ಹಿಡಿ ಎಷ್ಟು ಉದ್ದ ತಿರುಗಬಹುದು, ಮೇಲೆ ಏನು ಅಡ್ಡ ಬರುತ್ತದೆ ಎಂಬುದನ್ನೂ ಅಳೆದು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆವು.

ಅಂಗಡಿಯವನು ಮೊದಲು ತಂದಿಟ್ಟದ್ದು ಎರಡಡಿ ಉದ್ದದ, ಗುಂಡಪ್ಪನ ಹಾಗಿದ್ದ ಒಂದು ಕಬ್ಬಿಣದ ಹಿಡಿ. ಬಲ ಕಮ್ಮಿ ಬೇಕು, ಹೆಂಗಸರಿಗೆ ಇದೇ ಒಳ್ಳೆಯದು ಎಂದ. ಉದ್ದ ಹಿಡಿಗೆ ಬಲ ಕಮ್ಮಿ ಸಾಕು ಎಂಬುದು ನಿಜವೇ. ಆದರೆ ತಲೆ ದಪ್ಪ, ಸಂದಿಗೆ ಹೋಗದು. ಎರಡನೆಯದು ಗಿಡ್ಡ, ಅಗ್ಗ. ಸಂದಿಗೆ ಹೋದೀತು, ಆದರೆ ಸ್ಪ್ರಿಂಗಿಗೆ ಎದುರು ಎಳೆಯಲು ಪೈಲ್ವಾನನೇ ಬೇಕು. ಮೂರನೆಯದು ಚಪ್ಪಟೆ ಪಟ್ಟಿ, ಮೊಗಚುವ ಕೈಯಷ್ಟು ತೆಳ್ಳಗೆ, ಸುಮಾರು ಒಂದೂವರೆ ಅಡಿ ಉದ್ದ. ಜೊತೆಗೆ ಗಿಡ್ಡ ಗಿಡ್ಡ ಸಾಕೆಟ್ಟುಗಳು: 13, 14, 15, 16, 18. ಬೋಲ್ಟಿನ ಬದಲು ಚೌಕ ತೂತು ಇರುವ ಟೆನ್ಷನರಿಗೆ ಅರ್ಧ ಇಂಚು ಮತ್ತು ಮುಕ್ಕಾಲಿನರ್ಧ ಇಂಚಿನ ಚೌಕ ತುದಿಗಳೂ ಇದ್ದವು. ಮಗಳು 15ರ ಸಾಕೆಟ್ ಸಿಕ್ಕಿಸಿದಳು, ನಾನು ಟೇಪು ಹಿಡಿದೆ. ಒಂದು ಇಂಚು! ಅಂಗಡಿಯವನು ನಮ್ಮಿಬ್ಬರನ್ನೂ, ಟೇಪನ್ನೂ ನೋಡಿ ನಗಲಿಲ್ಲ. "ಎಲ್ಲರೂ ಹೀಗೆ ಅಳೆದು ಬಂದರೆ ನನಗೆ ವಾಪಸ್ ತಗೊಳ್ಳೋ ಕೆಲಸ ಇರೋಲ್ಲ" ಎಂದ.

ಇನ್ನೊಂದು ವಿಷಯ. ಅಲ್ಲಿನ ಕಾರು ಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಇಂಥ ಸಲಕರಣೆಯನ್ನು ಎರವಲು ಕೊಡುತ್ತಾರೆ. ಬೆಲೆಯಷ್ಟು ಹಣ ಇಟ್ಟು ತರುವುದು, ಹಿಂದಿರುಗಿಸಿದರೆ ಅಷ್ಟೂ ಹಣ ವಾಪಸ್ಸು. ಗೌರಿಹಬ್ಬಕ್ಕೆ ಚಕ್ಕುಲಿ ಒರಳನ್ನು ಪಕ್ಕದ ಮನೆಯಿಂದ ತರುವುದಿಲ್ಲವೆ ನಾವು? ಎಷ್ಟೋ ವರ್ಷಕ್ಕೊಮ್ಮೆ ಬೇಕಾಗುವುದನ್ನು ಕೊಂಡಿಡುವುದೇಕೆ? ಹಾಗೆ ಎರವಲು ತಂದೆವು. ಬೆಲ್ಟಿಗೆ ಮಾತ್ರ 38 ಡಾಲರ್ ಕೊಟ್ಟೆವು.

ಭಾನುವಾರ ಬೆಳಿಗ್ಗೆ ಕೂಸನ್ನು ಮಲಗಿಸಿ ಕೆಲಸಕ್ಕೆ ನಿಂತೆವು. ಬಳೆ, ಉಂಗುರ ತೆಗೆದಿಟ್ಟಳು. ಮಾಂಗಲ್ಯವನ್ನು ಒಳಗೆ ಸೇರಿಸಿ ಜಡೆ ಕಟ್ಟಿದಳು. ನಾನು ಸೆರಗನ್ನು ಸೊಂಟಕ್ಕೆ ಬಿಗಿದೆ. ಎಂಜಿನ್ ತಣ್ಣಗಿದೆ, ಕೀಲಿ ಮನೆಯೊಳಗಿದೆ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಬೆಲ್ಟ್ ಸುತ್ತಿರುವ ದಾರಿಯ ಚಿತ್ರ ಬಾನೆಟ್ಟಿನ ಅಡಿಯಲ್ಲೇ ಅಂಟಿಸಿತ್ತು. ಆದರೂ ಒಂದು ಫೋಟೋ ತೆಗೆದುಕೊಂಡು, ರಂಗೋಲಿಯ ಎಳೆಯ ಹಾಗೆ ಕಾಗದದ ಮೇಲೆ ಬರೆದುಕೊಂಡಳು. ಆ ಪಟ್ಟಿ ಒಳಗೆ ಸಲೀಸಾಗಿ ಇಳಿಯಿತು. ಮಗಳು ಎರಡು ಕೈಯಲ್ಲೂ ಹಿಡಿದು ಎಳೆದಳು, ತೋಳು ಸರಿಯಿತು, "ಅಮ್ಮ, ಈಗ!" ಎಂದಳು. ಮೇಲಿನ ನುಣುಪು ಪುಲ್ಲಿಯಿಂದ ಬೆಲ್ಟನ್ನು ನಾನು ಜಾರಿಸಿದೆ. ತೋಳನ್ನು ಧಡಾರನೆ ಬಿಡದೆ ನಿಧಾನವಾಗಿ ಬಿಟ್ಟಳು. ಬೆಲ್ಟ್ ಇಲ್ಲದಾಗ ಒಂದೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಿದಳು. ಗರಗರ ಇಲ್ಲ, ಅಲುಗಾಟ ಇಲ್ಲ. ಟೆನ್ಷನರ್ ಚೆನ್ನಾಗಿಯೇ ಇತ್ತು!

ಹೊಸದನ್ನು ಹಾಕುವುದೇ ಸ್ವಲ್ಪ ತಾಳ್ಮೆಯ ಕೆಲಸ. ಬೆಲ್ಟಿನ ಗೀರುಗಳು ಪುಲ್ಲಿಯ ಗೀರುಗಳಲ್ಲಿ ಒಂದೂ ತಪ್ಪದಂತೆ ಕೂರಬೇಕು. ಒಂದು ಕಡೆ ಒಂದು ಗೀರು ಆಚೆಗಿತ್ತು, ನನ್ನ ಕಣ್ಣಿಗೆ ಬಿತ್ತು, ಸರಿಪಡಿಸಿದೆವು. ತಂತಿ ಜೋಡಿಸಿ ಕಾರು ಹೊರಡಿಸಿದರೆ, ಕಿರುಚಾಟವೇ ಇಲ್ಲ.

ರಾತ್ರಿ ಅಳಿಯಂದಿರು ಫೋನಿನಲ್ಲಿ, "ನಾನು ಬರುವವರೆಗೆ ತಡೆಯಬಹುದಿತ್ತಲ್ಲ, ಅತ್ತೆ" ಎಂದರು. "ನಾವು ತಡೀತಿದ್ವಿ, ಬೆಲ್ಟು ತಡೀಬೇಕಲ್ಲಪ್ಪ" ಎಂದೆ. ಅವರೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅವಳ ಕೈಗೆ ಏನೂ ಆಗಿಲ್ಲ ತಾನೆ?" ಎಂದು ಕೇಳಿದರು. ದೂರದಲ್ಲಿ ಒಬ್ಬರೇ ಇದ್ದ ಅವರ ಸಂಕಟ ನನಗೆ ಆಗ ಅರ್ಥವಾಯಿತು.

ನಮ್ಮೂರಿನಲ್ಲಿ ಕೂಗಿದರೆ ಮೆಕ್ಯಾನಿಕ್ ಬರುತ್ತಾನೆ, ನಮಗೇಕೆ ಇದೆಲ್ಲ ಎನ್ನುತ್ತೀರೇನೋ. ನಮ್ಮ ಕಡೆಯ ಈಗಿನ ಕಾರುಗಳಲ್ಲೂ ಇಂಥ ಗೀರು ಬೆಲ್ಟೇ ಇರುವುದು. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಹಳೆಯ ರಬ್ಬರು ಬಿರುಕು ಬಿಟ್ಟು ಎಚ್ಚರಿಸುತ್ತಿತ್ತು. ಈಗಿನದು ಬಿರುಕು ಬಿಡದೆಯೇ ಒಳಗೊಳಗೆ ಸವೆಯುತ್ತದೆ. ಸಾಮಾನ್ಯವಾಗಿ ಒಂದು ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ತೋರಿಸಬೇಕು, ಕಿರುಚಿದರೆ ಮೊದಲೇ. ಮಾಡುವವರು ನಿಮ್ಮ ಮಗನೋ ಮಗಳೋ ಆದರೆ, ಸಲಕರಣೆ ತರುವ ಮೊದಲು ಬೋಲ್ಟಿನ ಅಳತೆ, ಸಂದಿನ ಅಳತೆ ಎರಡನ್ನೂ ಬರೆದುಕೊಳ್ಳಲಿ. ಕೆಲವು ಕಾರುಗಳಲ್ಲಿ ಟೆನ್ಷನರೇ ಇರುವುದಿಲ್ಲ, ಹಿಗ್ಗುವ ಬೆಲ್ಟ್ ಇರುತ್ತದೆ. ಅದಕ್ಕೆ ಬೇರೆ ಸಲಕರಣೆ. ಎಂಜಿನ್ನಿನ ಮುಚ್ಚಳದ ಒಳಗಿರುವ ಟೈಮಿಂಗ್ ಬೆಲ್ಟ್ ಬೇರೆಯೇ, ಅದನ್ನು ಮನೆಯಲ್ಲಿ ಮುಟ್ಟಬೇಡಿ. ಗ್ಯಾರೇಜಿಗೇ ಕೊಟ್ಟರೂ, ಯಾವುದು ಹೋಗಿದೆ ಬಿಚ್ಚಿ ತೋರಿಸಪ್ಪ ಎಂದು ಕೇಳಿ, ಹಳೆಯ ಬೆಲ್ಟನ್ನು ಕೈಗೆ ಇಸಿದುಕೊಳ್ಳಿ.

ಸೋಮವಾರ ಮಗಳು ಕೆಲಸದಿಂದ ಬರುತ್ತಾ ಆ ಪಟ್ಟಿಯನ್ನು ಅಂಗಡಿಗೆ ಹಿಂದಿರುಗಿಸಿ ಹಣ ತಂದಳು. ಟೇಪು ಮಾತ್ರ ನನ್ನ ಚೀಲಕ್ಕೆ ವಾಪಸ್ಸು ಬರಲಿಲ್ಲ. "ಇದು ಇಲ್ಲೇ ಇರ್ಲಿ ಅಮ್ಮ" ಎಂದು ಕಾರಿನ ಡಬ್ಬಿಯಲ್ಲಿ ಇಟ್ಟುಕೊಂಡಳು. ಊರಿಗೆ ಬಂದ ಮೇಲೆ ನಾನು ಹೊಸದೊಂದು ಕೊಂಡುಕೊಂಡೆ.