ಗುಂಡ 'ಸಾಕು' ಅನ್ನೋದಿಲ್ಲ

ನಾಯಿ ಕರ್ಕೊಂಡು ಬೆಟ್ಟ ಹತ್ತಿದವರ ಪಟ್ಟಿ ಮಾಡಿದ್ರೆ ಮೊದಲನೇ ಹೆಸರು ಧರ್ಮರಾಯನದ್ದೇ ಇರಬೇಕು. ದಾರಿಯಲ್ಲಿ ದ್ರೌಪದಿ ಬಿದ್ದಳು, ಸಹದೇವ ಬಿದ್ದ, ನಕುಲ, ಅರ್ಜುನ, ಕೊನೆಗೆ ಭೀಮನಂಥ ಭೀಮನೂ ಬಿದ್ದ. ನಾಯಿ ಮಾತ್ರ ಬೀಳಲಿಲ್ಲ! ಇಂದ್ರ ಬಂದು "ಅದನ್ನ ಬಿಟ್ಟು ರಥ ಹತ್ತು" ಅಂದ್ರೆ ಧರ್ಮರಾಯ ಒಪ್ಪಲಿಲ್ಲ. ಆಮೇಲೆ ನೋಡಿದ್ರೆ ಅದು ನಾಯಿಯೇ ಅಲ್ಲ, ಸಾಕ್ಷಾತ್ ಧರ್ಮದೇವತೆ. ಚಿಕ್ಕವನಿದ್ದಾಗ ಅಜ್ಜಿ ಈ ಕಥೆ ಹೇಳಿದ್ರೆ ಕಣ್ಣಲ್ಲಿ ನೀರು ಬರ್ತಿತ್ತು. ಈಗ ಮಾತ್ರ ಧರ್ಮರಾಯನ ಮೇಲೆ ಸಣ್ಣ ಹೊಟ್ಟೆಕಿಚ್ಚು. ದೇವತೆಗೆ ಅಂಗಾಲು ಸೀಳೋದಿಲ್ಲ, ಬಿಸಿಲು ಬಡಿಯೋದಿಲ್ಲ, ಸೊಂಟ ಹಿಡಿಯೋದಿಲ್ಲ. ನಮ್ಮ ಗುಂಡನಿಗೆ ಇದೆಲ್ಲಾ ಆಗುತ್ತೆ. ಆದ್ರೆ ಹೇಳೋದಿಲ್ಲ.

ಗುಂಡ ಅಂದ್ರೆ ನಮ್ಮನೆ ನಾಯಿ. ಅರ್ಧ ಲ್ಯಾಬ್ರಡಾರ್, ಇನ್ನರ್ಧ ಏನು ಅಂತ ಆ ದೇವರಿಗೇ ಗೊತ್ತು. ತೂಕ 30 ಕೆಜಿ, ವಯಸ್ಸು 10. ಇಲ್ಲಿ ಸಿಯಾಟಲ್ ಕಡೆ ಅನಾಥ ನಾಯಿಗಳನ್ನ ಸಾಕೋ ಜಾಗದಿಂದ ತಂದಿದ್ದು. ಡಾಕ್ಟರ ಹತ್ರ ಹೋದ್ರೆ ಒಳಗಿಂದ "ಗೂಂಡಾ! ಗೂಂಡಾ!" ಅಂತ ಕೂಗ್ತಾರೆ, ನಾವು ಎದ್ದು ಹೋಗ್ತೀವಿ.

ಶುಕ್ರವಾರ ಸಂಜೆ ಕಾರಿನ ಡಿಕ್ಕಿಗೆ ಟೆಂಟು, ಸ್ಟವ್ವು, ಗುಂಡನ ತಟ್ಟೆ ಹಾಕಿಕೊಂಡು ಐ-90 ಹೆದ್ದಾರಿ ಹಿಡಿದ್ರೆ ಒಂದು ಗಂಟೆಯಲ್ಲಿ ಸ್ನೋಕ್ವಾಲ್ಮಿ ಪಾಸ್. ಸುಮಾರು 3000 ಅಡಿ ಎತ್ತರ. ಅಲ್ಲಿಂದ ಎಡಕ್ಕೂ ಬಲಕ್ಕೂ ಕ್ಯಾಸ್ಕೇಡ್ ಬೆಟ್ಟಗಳು. ಎಂಟು ವರ್ಷದಿಂದ ನಮ್ಮ ಬೇಸಿಗೆಯ ಶನಿವಾರ ಭಾನುವಾರಗಳೆಲ್ಲ ಹೆಚ್ಚುಕಡಿಮೆ ಅಲ್ಲೇ ಕಳೆದಿವೆ. ಅಮ್ಮ ಫೋನಿನಲ್ಲಿ, "ಅಲ್ಲ ಮಾರಾಯ, ನಾಯಿ ಕಟ್ಕಂಡು ಗುಡ್ಡ ಅಲೆಯೋಕೆ ಅಮೆರಿಕಕ್ಕೇ ಹೋಗ್ಬೇಕಿತ್ತಾ? ನಮ್ಮನೆ ಹಿಂದಿನ ಗುಡ್ಡ ಏನಾಗಿತ್ತು?" ಅಂತಾಳೆ. ಪ್ರಶ್ನೆ ಸರಿಯಾಗೇ ಇದೆ. ಊರಲ್ಲಿ ನಾಯಿ ತಾನಾಗೇ ಹಿಂದೆ ಬರ್ತಿತ್ತು, ಬೇಜಾರಾದ್ರೆ ತಾನಾಗೇ ಮನೆಗೆ ಹೋಗ್ತಿತ್ತು. ಅದಕ್ಕೆ ನಾವು ಟ್ರೆಕ್ಕಿಂಗು ಅಂತ ಹೆಸರಿಟ್ಟಿರಲಿಲ್ಲ, ಅಷ್ಟೆ.

ಇಲ್ಲಿ ಹಾಗಲ್ಲ. ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ ಅನ್ನೋದು ಮೊದಲು ಕಲೀಬೇಕಾದ ಪಾಠ. ಮೌಂಟ್ ರೇನಿಯರ್ ಪಾರ್ಕಿನಲ್ಲಿ ನಾಯಿಗೆ ಕಾರು ನಿಲ್ಲಿಸೋ ಜಾಗ, ಕ್ಯಾಂಪ್‌ಗ್ರೌಂಡು, ವಾಹನ ಓಡಾಡೋ ರಸ್ತೆ, ಇಷ್ಟೇ. ಅದೂ 6 ಅಡಿಗಿಂತ ಉದ್ದ ಇರದ ಹಗ್ಗದಲ್ಲಿ. ಕಾಲುದಾರಿಗಳಿಗೆ ಪ್ರವೇಶ ಇಲ್ಲ. ಇದು ಗೊತ್ತಿಲ್ಲದೇ ಬಂದವರು ಸರದಿ ಮೇಲೆ ನಾಯಿ ಕಾಯ್ತಾ ನಿಂತಿರೋದನ್ನ ಪ್ರತಿ ಬೇಸಿಗೇಲೂ ನೋಡಬಹುದು... ಗಂಡ ಹೂವು ನೋಡಿ ಬರೋವರೆಗೆ ಹೆಂಡತಿ ಪಾರ್ಕಿಂಗಿನಲ್ಲಿ, ಆಮೇಲೆ ಅದಲು ಬದಲು. ನ್ಯಾಷನಲ್ ಫಾರೆಸ್ಟಿನಲ್ಲಿ ಬಹುಪಾಲು ದಾರಿಗಳಿಗೆ ನಾಯಿ ಬರಬಹುದು. ಅಲ್ಲೂ ಎಂಚಾಂಟ್‌ಮೆಂಟ್ಸ್, ಇಂಗಲ್ಸ್ ಲೇಕ್‌ನಂಥ ಕೆಲವು ಕಡೆ ಬಿಲ್‌ಕುಲ್ ಇಲ್ಲ. ಅವೆಲ್ಲ ಬೆಳ್ಳನೆಯ ಬೆಟ್ಟದ ಆಡುಗಳ ಊರು. ಉಪ್ಪಿನಾಸೆಗೆ ಅವು ಜನ ಉಚ್ಚೆ ಹೊಯ್ದ ಜಾಗ ನೆಕ್ಕೋಕೆ ಟೆಂಟಿನ ತನಕ ಬರ್ತಾವೆ (ನಿಜವಾಗಲೂ!). ಅಲ್ಲಿ ಗುಂಡ ಇದ್ದರೆ ಏನಾಗಬಹುದು ಅಂತ ಯೋಚಿಸಿದ್ರೆ ಸಾಕು, ನಿಯಮದ ಬಗ್ಗೆ ನನಗೆ ಯಾವ ತಕರಾರೂ ಉಳಿಯೋದಿಲ್ಲ.

ತಕರಾರು ಇರೋದು ಹಗ್ಗ ಬಿಚ್ಚಿ ಬಿಡೋರ ಮೇಲೆ. ತಿರುವಿನಲ್ಲಿ ಮೊದಲು ಒಂದು ನಾಯಿ ನುಗ್ಗಿ ಬರುತ್ತೆ, ಅರ್ಧ ನಿಮಿಷ ಆದಮೇಲೆ ಎಲ್ಲಿಂದಲೋ "ಹೆದರಬೇಡಿ, ತುಂಬಾ ಫ್ರೆಂಡ್ಲಿ!" ಅಂತ ದನಿ. ನಿಮ್ಮ ನಾಯಿ ಫ್ರೆಂಡ್ಲಿ ಸ್ವಾಮಿ, ಕರಡಿ? ಬಿಟ್ಟ ನಾಯಿ ಕರಡಿಯನ್ನ ಕೆಣಕಿ, ಅದು ತಿರುಗಿ ನಿಂತ ಕೂಡಲೇ ಬಾಲ ಮುದುರಿಕೊಂಡು ಓಡಿ ಬರೋದು ಯಜಮಾನನ ಹತ್ರಕ್ಕೇ. ಹಿಂದೆ ಕರಡಿ.

ಊಟದ ವಿಷಯ ಸ್ವಲ್ಪ ಹೇಳಬೇಕು, ಯಾಕಂದ್ರೆ ನಮ್ಮ ಅಡುಗೆಗೂ ನಾಯಿಗೂ ಅಷ್ಟಾಗಿ ಆಗಿಬರೋದಿಲ್ಲ. ಈರುಳ್ಳಿ ನಾಯಿಯ ರಕ್ತಕಣಗಳನ್ನ ಹಾಳುಮಾಡುತ್ತೆ. ಅಂದ್ರೆ ಉಪ್ಪಿಟ್ಟು ಇಲ್ಲ, ಪಲಾವ್ ಇಲ್ಲ. ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ, ಒಣದ್ರಾಕ್ಷಿ ಕೂಡ. ಅಂದ್ರೆ ಕೇಸರಿಬಾತ್ ಇಲ್ಲ. ಚಾಕೊಲೇಟ್ ಅಂತೂ ಎಲ್ಲರಿಗೂ ಗೊತ್ತು. ಇವಳು ಒಂದು ಡಬ್ಬಿಯಲ್ಲಿ ಒಗ್ಗರಣೆ ಇಲ್ಲದ ಮೊಸರನ್ನ ಕಲಸಿ ತರ್ತಾಳೆ, ಅದಕ್ಕೆ 'ಗುಂಡನ ಪ್ರಸಾದ' ಅಂತ ಹೆಸರು. ರಾತ್ರಿ ನಮ್ಮ ತಿಂಡಿ ಜೊತೆ ಅವನ ಊಟದ ಚೀಲಾನೂ ಮರಕ್ಕೆ ಏರಿಸಿ ಕಟ್ಟಬೇಕು. ಕರಡಿಗೆ ಎಂಟಿಆರ್ ಆದ್ರೇನು, ನಾಯಿ ಬಿಸ್ಕತ್ ಆದ್ರೇನು.

ಟೆಂಟಿನಲ್ಲಿ ಅವನ ಜೊತೆ ಮಲಗೋದು ಬೇರೆಯದೇ ಅನುಭವ. ಇಬ್ಬರ ಟೆಂಟು ಅಂತ ಕೊಂಡಿದ್ದರಲ್ಲಿ ಅವನಿಗೇ ಮುಕ್ಕಾಲು. ಒದ್ದೆ ನಾಯಿಯ ವಾಸನೆ, ಗೊರಕೆ, ನಡುರಾತ್ರಿ ಕನಸಿನಲ್ಲಿ ಓಡೋ ಕಾಲಿನ ಒದೆತ. ಕಚೀಸ್ ಸರೋವರದ ದಂಡೆಯಲ್ಲಿ ಒಂದು ರಾತ್ರಿ ಗುರ್‌ರ್ ಅಂತ ಎದ್ದು ಕೂತ. ಅವನ ಕಿವಿ ಎತ್ತ ತಿರುಗಿತ್ತೋ ಅತ್ತ ನಾವಿಬ್ಬರೂ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕೂತಿದ್ವಿ. ಹತ್ತು ನಿಮಿಷ ಆದಮೇಲೆ ಅವನು ಉಸ್ಸ್ ಅಂತ ಮಲಗಿದ. ನಾವೂ ಮಲಗಿದ್ವಿ. ಅವನಿಗೆ ಕೇಳಿಸಿದ್ದೇನು ಅಂತ ಇವತ್ತಿಗೂ ಗೊತ್ತಿಲ್ಲ.

ಮಳೆಗಾಲ ಶುರುವಾಗೋ ಹೊತ್ತಿಗೆ, ಸೆಪ್ಟೆಂಬರಿನಿಂದ ಆಚೆಗೆ, ಇಲ್ಲಿ ಇನ್ನೊಂದು ಭಯ. ಸಾಲ್ಮನ್ ಮೀನು ಹೊಳೆ ಹತ್ತಿ ಬಂದು ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತೆ. ದಂಡೆ ತುಂಬಾ ಕೊಳೆತ ಮೀನು. ನಾಯಿಗಂತೂ ಹಬ್ಬ. ಆದ್ರೆ ಆ ಮೀನಿನೊಳಗೆ ಒಂದು ಸಣ್ಣ ಹುಳ, ಹುಳದೊಳಗೆ ಇನ್ನೂ ಸಣ್ಣದೊಂದು ರೋಗಾಣು. ಹಸಿ ಮೀನು ತಿಂದ ನಾಯಿಗೆ ಸುಮಾರು ಒಂದು ವಾರದಲ್ಲಿ ಜ್ವರ, ವಾಂತಿ, ಭೇದಿ. ಔಷಧಿ ಕೊಡದಿದ್ರೆ ಹೆಚ್ಚಿನವು ಬದುಕೋದಿಲ್ಲ. ಬೇಗ ಕೊಟ್ಟರೆ ಮಾಮೂಲಿ ಆಂಟಿಬಯಾಟಿಕ್ಕಿನಲ್ಲೇ ವಾಸಿ. ತಮಾಷೆ ಅಂದ್ರೆ ಅದೇ ಮೀನು ತಿಂದು ಕರಡಿ ಚಳಿಗಾಲಕ್ಕೆ ದುಂಡಗಾಗುತ್ತೆ, ಅದಕ್ಕೇನೂ ಆಗೋದಿಲ್ಲ. ನಾಯಿಯ ಜಾತಿಗೆ ಮಾತ್ರ ಈ ಶಾಪ. ಹಾಗಾಗಿ ಆ ತಿಂಗಳುಗಳಲ್ಲಿ ನಾವು ಹೊಳೆ ಬಿಟ್ಟು ಎತ್ತರದ ದಾರಿ ಹಿಡೀತೀವಿ.

ಎತ್ತರದ್ದೂ ಒಂದು ಕಥೆ ಇದೆ. ನಮ್ಮದಲ್ಲ, ಕೊಲೊರಾಡೋದ್ದು. ಆಗಸ್ಟ್ 2012. ಮಿಸ್ಸಿ ಅನ್ನೋ ಜರ್ಮನ್ ಶೆಫರ್ಡ್ ತನ್ನ ಯಜಮಾನನ ಜೊತೆ ಮೌಂಟ್ ಬಿಯರ್‌ಸ್ಟಾಟ್ ಹತ್ತಿತ್ತು. 13,000 ಅಡಿ ಮೇಲೆ, ಕಲ್ಲುಗಳ ನಡುವೆ ಅಂಗಾಲು ಸೀಳಿಹೋಗಿ ನಡೆಯೋಕೆ ಆಗದೆ ಕೂತುಬಿಡ್ತು. ಹವಾ ಕೆಡ್ತಾ ಇತ್ತು, ಅಷ್ಟು ದೊಡ್ಡ ನಾಯೀನ ಹೊತ್ತು ಇಳಿಯೋಕೆ ಆಗಲಿಲ್ಲ, ಆತ ಅದನ್ನ ಅಲ್ಲೇ ಬಿಟ್ಟು ಇಳಿದ. ದಿನಗಳಾದ ಮೇಲೆ ಆ ದಾರಿಯಲ್ಲಿ ಬಂದ ಬೇರೆ ಚಾರಣಿಗರ ಕಣ್ಣಿಗೆ ಬಿತ್ತು. ಅವರಿಗೂ ಹೊರೋಕೆ ಆಗಲಿಲ್ಲ, ಇಳಿದು ಬಂದು ಇಂಟರ್ನೆಟ್ಟಿನಲ್ಲಿ ಸುದ್ದಿ ಹಾಕಿದ್ರು. ಒಂದಷ್ಟು ಜನ ಅಪರಿಚಿತರು ಸೇರಿಕೊಂಡು ಹೋಗಿ, ಹಿಮ ಬೀಳ್ತಿರುವಾಗ, ಬೆನ್ನಿನ ಚೀಲದಲ್ಲಿ ಕೂರಿಸಿಕೊಂಡು, ಒಬ್ಬರಾದ ಮೇಲೆ ಒಬ್ಬರು ಹೊತ್ತು ಕೆಳಗಿಳಿಸಿದ್ರು. ಅಷ್ಟರಲ್ಲಿ ಎಂಟು ದಿನ ಆಗಿತ್ತು. ನಾಯಿ ಬದುಕಿತು. ಯಜಮಾನ ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ನಾಯಿ ಬೇರೆ ಮನೆ ಸೇರಿತು.

ಅವನನ್ನ ಬೈಯೋದು ಸುಲಭ, ಎಲ್ಲರೂ ಬೈದ್ರು. ನನ್ನ ತಲೇಲಿ ಉಳಿದಿದ್ದು ಬೇರೆ. ಆ ನಾಯಿ ಕೂತುಬಿಡೋ ಮೊದಲು ಎಷ್ಟು ದೂರ ಸೀಳಿದ ಕಾಲಲ್ಲೇ ನಡೆದಿರಬೇಕು? ನಾಯಿ ನಮ್ಮ ಹಾಗಲ್ಲ. ನಮಗೆ ಸುಸ್ತಾದ್ರೆ ಬೂಟಿನ ಲೇಸು ಸರಿಮಾಡೋ ನೆಪದಲ್ಲಿ ನಿಲ್ತೀವಿ, ಫೋಟೋ ತೆಗೀತೀವಿ, ಕೊನೆಗೆ "ಇನ್ನು ಆಗಲ್ಲ ಗುರು" ಅಂತೀವಿ. ನಾಯಿ, ನೀವು ನಡೆಯೋ ತನಕ ನಡೆಯುತ್ತೆ. ಅದರ ಪರವಾಗಿ 'ಸಾಕು' ಅನ್ನೋ ಕೆಲಸ ಹಗ್ಗದ ಈ ತುದಿಯಲ್ಲಿ ಇರೋರದ್ದು. ಅಲಾಸ್ಕಾದಲ್ಲಿ ಇಡಿಟರಾಡ್ ಅಂತ ಜಾರುಬಂಡಿ ಓಟ ನಡೆಯುತ್ತಲ್ಲ, ಅಲ್ಲಿ ಒಂದೊಂದು ನಾಯಿಗೆ ಎಂಟೆಂಟು ಕಾಲುಚೀಲ ಇಟ್ಟುಕೊಂಡಿರಲೇಬೇಕು ಅಂತ ನಿಯಮವೇ ಇದೆ. ಗುಂಡನಿಗೂ ನಾಲ್ಕು ತಂದ್ವಿ. ಮೊದಲ ಸಲ ಹಾಕಿದಾಗ ಬಿಸಿ ಕಾವಲಿ ಮೇಲೆ ನಿಂತವನ ಹಾಗೆ ಒಂದೊಂದೇ ಕಾಲೆತ್ತಿ ನಮ್ಮ ಮುಖ ನೋಡಿದ. ಈಗ ಅಭ್ಯಾಸ ಆಗಿದೆ, ಗೌರವ ಮಾತ್ರ ಇನ್ನೂ ಬಂದಿಲ್ಲ.

ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ಮೇಸನ್ ಲೇಕಿಗೆ ಹೊರಟಿದ್ವಿ. ಆ ದಾರಿಗೆ ಐರಾ ಸ್ಪ್ರಿಂಗ್ ಅನ್ನೋ ಛಾಯಾಗ್ರಾಹಕನ ಹೆಸರು. ಈ ಕಡೆಯ ಚಾರಣದ ಪುಸ್ತಕಗಳಲ್ಲೆಲ್ಲಾ ಅವನ ಚಿತ್ರಗಳೇ, 2003ರಲ್ಲಿ ತೀರಿಕೊಂಡ. ಹೋಗಿ ಬರೋಕೆ ಆರೂವರೆ ಮೈಲಿ, ಏರು ಸುಮಾರು 2400 ಅಡಿ. ಮೊದಲರ್ಧ ಕಾಡು, ನೆರಳು, ನಡುವೆ ತೊರೆ. ಅದಾದ ಮೇಲೆ ಬಟಾಬಯಲು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಎದುರಿಗೆ ರೇನಿಯರ್, ತಲೆ ಮೇಲೆ ಸೂರ್ಯ, ಕೆಳಗಿಂದ ಹೆದ್ದಾರಿಯ ಸದ್ದು. ಜೊತೆಗೆ ಬೆಂಗಳೂರಿಂದ ಬಂದಿದ್ದ ಗೆಳೆಯ. ಬೆಳಿಗ್ಗೆ ಆರಕ್ಕೇ ಶುರುಮಾಡಿದ್ವಿ, ಆದ್ರೂ ಆ ದಿನ ಬಿಸಿಲು ನಮಗಿಂತ ಮೊದಲೇ ಎದ್ದಿತ್ತು.

ದಿಬ್ಬದ ನೆತ್ತಿಗೆ ಇನ್ನು ಅರ್ಧ ಮೈಲಿ ಇರಬೇಕು. ಗುಂಡ ಪೊದೆಯೊಂದರ ಕೈಯಗಲದ ನೆರಳಿಗೆ ತಲೆ ತೂರಿಸಿ ನಿಂತ. ನಾಲಿಗೆ ಸೌಟಿನ ಹಾಗೆ ಅಗಲವಾಗಿ ತುದಿ ಮಡಚಿತ್ತು. ಜೊಲ್ಲು ಅಂಟಂಟು. ನಾಯಿಗೆ ಬೆವರೋದು ಅಂಗಾಲಿನಲ್ಲಿ ಮಾತ್ರ, ಮೈ ತಣಿಸಿಕೊಳ್ಳೋಕೆ ಇರೋದು ಏದುಸಿರೊಂದೇ. ಆ ಏದುಸಿರೂ ಸಾಲದೇ ಹೋದ್ರೆ ಮೈಶಾಖ 105 ಡಿಗ್ರಿ ದಾಟುತ್ತೆ, ಆಮೇಲೆ ಜೀವಕ್ಕೇ ಸಂಚಕಾರ. ಇವಳು ಒಂದು ಸಲ ಅವನ ಒಸಡು ಮುಟ್ಟಿ ನೋಡಿ "ವಾಪಸ್" ಅಂದಳು.

ಗೆಳೆಯ, "ಅರೆ, ಇಷ್ಟು ದೂರ ಬಂದು! ಮೇಲೆ ಕೆರೆ ಇದೆಯಲ್ಲೋ, ಅಲ್ಲೇ ಮುಳುಗಿಸಿದ್ರಾಯ್ತು. ನೋಡು, ಬಾಲ ಅಲ್ಲಾಡಿಸ್ತಾ ಇದಾನೆ" ಅಂದ.

ಅಲ್ಲಾಡಿಸ್ತಾ ಇದ್ದ, ನಿಜ. ನಾನು ಒಂದು ಹೆಜ್ಜೆ ಮೇಲಕ್ಕೆ ಹಾಕಿದ್ರೂ ಬರ್ತಿದ್ದ. ಅದನ್ನ ನೋಡಿಯೇ ನನಗೆ ಭಯವಾಗಿದ್ದು.

ಗೆಳೆಯನಿಗೆ ನಕ್ಷೆ ಕೊಟ್ಟು "ನೀನು ನೋಡ್ಕೊಂಡು ಬಾ" ಅಂದೆ. ಹೋಗಲಿಲ್ಲ ಪುಣ್ಯಾತ್ಮ, ತನ್ನ ಬಾಟಲಿ ನೀರನ್ನೂ ಸುರಿದ. ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ. (ಒದ್ದೆ ಟವೆಲ್ ಹೊದಿಸಿ ಬಿಡಬಾರದು, ಕಾವು ಒಳಗೇ ಉಳಿಯುತ್ತೆ.) ಟೋಪಿಯಲ್ಲಿ ಗಾಳಿ ಹಾಕ್ತಾ ನೆರಳಿನಿಂದ ನೆರಳಿಗೆ ಇಳಿದ್ವಿ. ಕಾಡು ಸಿಕ್ಕಮೇಲೆ ಅಲ್ಲಲ್ಲಿ ನಾವೇ ಹೊತ್ವಿ. 30 ಕೆಜಿ ಅಂದ್ರೆ ಅಕ್ಕಿ ಮೂಟೆ ಅಲ್ಲ, ನಾಲ್ಕು ಕಾಲಿರೋ ಅಕ್ಕಿ ಮೂಟೆ. ತೊರೆಗೆ ಬಂದಾಗ ನೀರಲ್ಲಿ ಹೊಟ್ಟೆ ಊರಿ ಮಲಗಿದವನು ಮುಕ್ಕಾಲು ಗಂಟೆ ಏಳಲಿಲ್ಲ. ಆಮೇಲೆ ಎದ್ದು ಮೈ ಕೊಡವಿದ, ಮೂರೂ ಜನರ ಬಟ್ಟೆ ಒದ್ದೆ. ಗೆಳೆಯ ಕೆರೆ ನೋಡದೇ ಬೆಂಗಳೂರಿಗೆ ಹೋದ. ಈಗಲೂ ಫೋನ್ ಮಾಡಿದ್ರೆ ಮೊದಲು ಕೇಳೋದು ಗುಂಡನನ್ನೇ.

'777 ಚಾರ್ಲಿ' ಬಂದಾಗ, 2022ರಲ್ಲಿ, ಊರಿಂದ ಎಲ್ಲರೂ "ಗುಂಡನಿಗೆ ಹಿಮ ತೋರಿಸಿದ್ಯಾ?" ಅಂತ ಕೇಳೋರು. ಅವನಿಗೆ ಹಿಮ ನಮಗಿಂತ ಚೆನ್ನಾಗಿ ಗೊತ್ತು, ಬೆರಳ ಸಂದಿಯಲ್ಲಿ ಗಟ್ಟಿಯಾಗಿ ಅಂಟಿಕೊಳ್ಳೋ ಉಂಡೆಗಳ ಸಮೇತ. ಹೋದ ಚಳಿಗಾಲದಲ್ಲಿ ಡಾಕ್ಟರು ಅವನ ಸೊಂಟದ ಎಕ್ಸ್‌ರೇ ತೋರಿಸಿ, ಕೀಲು ಸವೆದಿದೆ, ಇನ್ಮೇಲೆ ಏರು ಬೇಡ ಅಂದ್ರು. ಅವನಿಗೆ ಯಾರು ಹೇಳಬೇಕು? ಮೆಟ್ಟಿಲ ಕೆಳಗಿನ ಕಪಾಟಿಂದ ಬೆನ್ನುಚೀಲ ತೆಗೆದ ಸದ್ದಾದ್ರೆ ಸಾಕು, ಬಾಗಿಲಿಗೆ ಮೂಗು ಒತ್ತಿ ನಿಲ್ತಾನೆ. ಒಂದೆರಡು ಸಲ ಅವನು ನಿದ್ದೆ ಮಾಡುವಾಗ ನಾನೊಬ್ಬನೇ ಕಳ್ಳನ ಹಾಗೆ ಹೊರಟಿದ್ದುಂಟು. ಬೆಟ್ಟ ಅದೇ, ದಾರಿ ಅದೇ. ಬೇಗ ಬೇಗ ಹತ್ತಿ ಬೇಗ ಬೇಗ ಇಳಿದು ಬಂದೆ.

ಈಗ ಫ್ರಾಂಕ್ಲಿನ್ ಫಾಲ್ಸ್ ಕಡೆ ಹೋಗ್ತೀವಿ. ಹೋಗಿ ಬರೋಕೆ ಎರಡೇ ಮೈಲಿ, ಏರು 400 ಅಡಿ. ಕಾರಿಗೆ ಹತ್ತೋಕೆ ಅಂತ ಇವಳು ಹಲಗೆ ತಂದಿದ್ದಾಳೆ. ಅದರ ಮೇಲೆ ಕಾಲಿಡೋದಿಲ್ಲ ಅಂತ ಅವನದ್ದು ಹಠ, ಹಾಗಾಗಿ ನಾನೇ ಎತ್ತಿ ಕೂರಿಸ್ತೀನಿ, ಆಗ ಮುಖ ಆ ಕಡೆ ತಿರುಗಿಸಿಕೊಳ್ತಾನೆ. ಜಲಪಾತದ ತನಕ ಎಲ್ಲ ಸಲವೂ ಹೋಗೋದಿಲ್ಲ. ಕಳೆದ ಶನಿವಾರ ಅರ್ಧ ಮೈಲಿಗೆ ಒಂದು ಗಂಟೆ ಹಿಡೀತು. ಒಂದು ಪಾಚಿ ಹಿಡಿದ ಸೀಡರ್ ಬುಡವನ್ನ 11 ನಿಮಿಷ ಮೂಸಿದ. ಇವಳು ವಾಚ್ ನೋಡಿ ಹೇಳಿದ್ದು.