ನೆಟ್ಟಣದಿಂದ ಮೊಟ್ಟೆತ್ತಡ್ಕದವರೆಗೆ ಒಂದು ರುಚಿಯಾತ್ರೆ

ಬೆಂಗಳೂರಿನ ರಾತ್ರಿ ರೈಲು ಘಟ್ಟ ಇಳಿದು ಸುಬ್ರಹ್ಮಣ್ಯ ರೋಡ್ ನಿಲ್ದಾಣ ಮುಟ್ಟಿದಾಗ ಇನ್ನೂ ಮಬ್ಬುಗತ್ತಲೆ. ಇದು ಕಡಬ ತಾಲೂಕಿನ ನೆಟ್ಟಣ. ಪಕ್ಕದಲ್ಲೇ ಕಿದು. ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿಸಂಗ್ರಹ ಇರುವುದು ಅಲ್ಲೇ. ಎಲ್ಲೆಲ್ಲಿಯ ದ್ವೀಪಗಳ ತೆಂಗು ನಮ್ಮ ಮಳೆಗೆ ನೆನೆದು ಬೆಳೆಯುವುದನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ.

ಕಡಬದ ಹಾದಿಯ ತೋಟವೊಂದರಲ್ಲಿ ಕಳ್ಳು ಇಳಿಸುವ ಮೂರ್ತೆದಾರರೊಬ್ಬರು ಆಗಷ್ಟೇ ಮರದಿಂದ ಇಳಿದಿದ್ದರು. ಹೊಂಬಾಳೆ ಅರಳುವ ಮುನ್ನ ಅದನ್ನು ಬಿಗಿದು ಕಟ್ಟಿ, ಮೆಲ್ಲಗೆ ತಟ್ಟಿ ಹದಮಾಡಿ, ತುದಿಯನ್ನು ತೆಳ್ಳಗೆ ಕೊಯ್ದರೆ ರಸ ಹನಿಯುತ್ತದೆ. ಮಡಕೆಗೆ ಬಿದ್ದ ಗಳಿಗೆಯಿಂದಲೇ ಯೀಸ್ಟ್ ತನ್ನ ಕೆಲಸ ಶುರುಮಾಡುತ್ತದೆ. "ಈಗ ಸೀ ಉಂಟು, ಸಂಜೆಗೆ ಹುಳಿ ಬರ್ತದೆ ಮಾರಾಯ್ರೆ" ಎಂದು ಲೋಟ ಕೊಟ್ಟರು. ಮೊದಲ ಗುಟುಕಿನಲ್ಲಿ ಸಿಹಿ, ಅದರ ಬೆನ್ನಿಗೇ ನಾಲಿಗೆಯ ತುದಿಯಲ್ಲಿ ಸಣ್ಣ ಚುರುಕು. ವಿಸ್ಕಿ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕಾದು ಪಡೆಯುವ ಬದಲಾವಣೆಯನ್ನು ಶೇಂದಿ ಒಂದೇ ಹಗಲಿನಲ್ಲಿ ಮುಗಿಸಿಬಿಡುತ್ತದೆ. ಅದರ ತಾಜಾ ರುಚಿಯನ್ನು ಬಾಟಲಿಯಲ್ಲಿ ತುಂಬಿ ದೂರದೂರಿಗೆ ಕಳಿಸಲಾಗದು, ಮರದ ಬುಡಕ್ಕೇ ಬರಬೇಕು. ತುಳುನಾಡಿನ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಜೊತೆ ಸಲ್ಲುವುದೂ ಇದೇ ಕಳ್ಳು.

ಸುಳ್ಯ ತಾಲೂಕಿನ ಕಾಡಂಚಿನಲ್ಲಿ ಕಳ್ಳು ಕೊಡುವ ಇನ್ನೊಂದು ಮರ ಬೈನೆ ಕಂಡಾಗ ನನ್ನ ಮನಸ್ಸು ಮೆಕ್ಸಿಕೋಗೆ ಹಾರಿತು. ಬೈನೆ ಬಾಳಿನ ಕೊನೆಯಲ್ಲಷ್ಟೇ ಹೂಬಿಡುತ್ತದೆ. ನೆತ್ತಿಯಿಂದ ಶುರುವಾದ ಗೊನೆಗಳು ಕೆಳಕೆಳಗೆ ಇಳಿಯುತ್ತ ಬಂದು, ಮುಗಿದ ಮೇಲೆ ಮರ ಸಾಯುತ್ತದೆ. ಟಕೀಲಾ, ಮೆಜ್ಕಾಲ್ ಕೊಡುವ ಅಗಾವೆಯದೂ ಇದೇ ಬಾಳು. ಅದು ನಮ್ಮ ಬೇಲಿಯ ಕತ್ತಾಳೆಯ ಕುಲದ್ದು. ಹೂವಿಗೆಂದು ವರ್ಷಗಟ್ಟಲೆ ಕೂಡಿಟ್ಟ ಸಕ್ಕರೆಯನ್ನು ಮನುಷ್ಯ ನಡುವೆಯೇ ಪಡೆಯುತ್ತಾನೆ. ಅಗಾವೆಗಳಲ್ಲಿ ಟಕೀಲಾಕ್ಕೆ ಸಲ್ಲುವುದು ನೀಲಿ ಅಗಾವೆಯೊಂದೇ. ಹಿಂದೆ ಟಕೀಲಾ ಸವಿದಾಗ ನನಗೆ ಸಿಕ್ಕಿದ್ದು ಮೆಣಸಿನ ಖಾರ, ಹಸಿರು ಎಲೆಯ ವಾಸನೆ. ಮೆಜ್ಕಾಲ್‌ಗೆ ಹಲವು ಬಗೆಯ ಅಗಾವೆಗಳ ದಿಂಡನ್ನು ಕಾದ ಕಲ್ಲುಗಳ ಗುಂಡಿಯಲ್ಲಿ ಹೂತು ಬೇಯಿಸುತ್ತಾರೆ. ಅದರ ಗುಟುಕಿನಲ್ಲಿ ತೆಂಗಿನ ಚಿಪ್ಪು ಉರಿಯುವ ಬಚ್ಚಲೊಲೆಯ ಹೊಗೆ ಇತ್ತು. ಕಳ್ಳು, ಟಕೀಲಾ, ಮೆಜ್ಕಾಲ್ ಮೂರರಲ್ಲಿ ನನ್ನ ಮನಸ್ಸು ಗೆದ್ದದ್ದು ಮೆಜ್ಕಾಲೇ.

ಪುತ್ತೂರಿನ ಮೊಟ್ಟೆತ್ತಡ್ಕ ತಲುಪುವಾಗ ಬಿಸಿಲು ಏರಿತ್ತು. 1986ರಲ್ಲಿ ಶುರುವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ, ಈಗಿನ ಗೇರು ಸಂಶೋಧನಾ ನಿರ್ದೇಶನಾಲಯ, ಇಲ್ಲಿದೆ. ಏಪ್ರಿಲ್‌ನಲ್ಲಿ ಈ ಕಡೆಯ ಗುಡ್ಡೆಗಳಿಗೆಲ್ಲ ಗೇರುಹಣ್ಣಿನದೇ ಗಾಳಿ. ಒಂದನ್ನು ಕಚ್ಚಿದೆ. ಬಾಯಿತುಂಬ ರಸ, ಆಮೇಲೆ ಗಂಟಲು ಹಿಡಿಯುವ ಒಗರು. ಅದು ಟ್ಯಾನಿನ್. ಓಕ್ ಪೀಪಾಯಿ ವಿಸ್ಕಿಗೆ ಕೊಡುವ ಒಗರಿನಲ್ಲೂ ಇದರದೇ ಪಾಲಿದೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ನೆನಪಾಯಿತು. ನಮ್ಮ ಸೆಕೆಯಲ್ಲೂ ಜಗತ್ತು ಮೆಚ್ಚುವ ಪಾನೀಯ ಮಾಗುತ್ತದೆಂದು ತೋರಿಸಿದ್ದು ಅದು.

ಆದರೆ ಇಲ್ಲಿನ ತೋಟಗಳಲ್ಲಿ ಬೀಜವನ್ನು ತಿರುವಿಕೊಂಡ ಮೇಲೆ, ಬೀಜಕ್ಕಿಂತ ಎಷ್ಟೋ ಪಟ್ಟು ತೂಗುವ ಹಣ್ಣು ಹೆಚ್ಚಿನ ಕಡೆ ನೆಲದಲ್ಲೇ ಕೊಳೆಯುತ್ತದೆ. ಇದೇ ಹಣ್ಣಿನಿಂದ ಗೋವಾ ಭಟ್ಟಿ ಇಳಿಸುವ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಪರವಾನಗಿ ಇಲ್ಲದೆ ಭಟ್ಟಿ ಇಳಿಸುವುದು ಅಪರಾಧ, ಅದು ಸರಿಯೇ. ಹಾಗಿದ್ದರೆ ಬೆಳೆಗಾರರ ಸಹಕಾರಿ ಸಂಘಗಳಿಗೆ ಸರಕಾರವೇ ಪರವಾನಗಿ ಕೊಡಲಿ. ಪುತ್ತೂರಿನ ಗೇರುಹಣ್ಣಿಗೂ ತನ್ನದೇ ಹೆಸರಿನ ಬಾಟಲಿ ಬರಲಿ.