ಗಾಳಿಯಲ್ಲಿ ಒಂದು ಪಾಲು

"ಗಾಳಿ ಬಂದಾಗ ತೂರಿಕೋ" ಎಂಬ ಗಾದೆ ಹುಟ್ಟಿದುದು ಒಕ್ಕಲಿಗನ ಕಣದಲ್ಲಿ. ಮೊರವನ್ನೆತ್ತಿ ನಿಂತವನಿಗೆ ಕಾಳು ಎಲ್ಲಿ ಬೀಳುತ್ತದೆ, ಹೊಟ್ಟು ಎತ್ತ ಹಾರುತ್ತದೆ ಎಂಬುದು ಕಣ್ಣೆದುರಿಗೇ ಕಾಣುತ್ತದೆ. ಪಟ್ಟಣದ ಗೃಹಸ್ಥನೂ ಇದೇ ಗಾದೆಯನ್ನು ಹೇಳಿಕೊಂಡು ಷೇರುಪೇಟೆಗೆ ಇಳಿಯುತ್ತಾನೆ. ಆದರೆ ತಾನು ತೂರಿದುದು ಕಾಳೋ ಹೊಟ್ಟೋ ಎಂಬುದು ಅವನಿಗೆ ತಿಳಿಯುವುದು ಗಾಳಿ ನಿಂತ ಮೇಲೆಯೇ.

ಈ ಗೃಹಸ್ಥ ಜೂಜುಕೋರನಲ್ಲ. ಇಸ್ಪೀಟಿನ ಎಲೆ ಮುಟ್ಟಿದವನೂ ಅಲ್ಲ, ಕುದುರೆಯ ಬಾಲಕ್ಕೆ ಹಣ ಕಟ್ಟಿದವನೂ ಅಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ದುಡಿದು, ನಿವೃತ್ತನಾದಾಗ ಕೈಸೇರಿದ ಇಡಿಗಂಟಿನಲ್ಲಿ ಮಗಳ ಮದುವೆಗಿಷ್ಟು, ಮನೆಯ ದುರಸ್ತಿಗಿಷ್ಟು ಎಂದು ತೆಗೆದಿರಿಸಿ, ಉಳಿದುದನ್ನು ಏನು ಮಾಡುವುದೆಂದು ಚಿಂತಿಸುವವನು. ಬ್ಯಾಂಕಿನ ಬಡ್ಡಿ ಅವನಿಗೆ ಸಾಲದು. ಹೆಸರಾಂತ ಕಂಪೆನಿಗಳ ಷೇರುಗಳೋ ಸಾವಿರಗಳ ಲೆಕ್ಕದಲ್ಲಿವೆ. ಅಂಥವನ ಕಣ್ಣಿಗೆ ಎರಡು ರೂಪಾಯಿಯ ಷೇರೊಂದು ಬೀಳುತ್ತದೆ. ಅದೂ ವಿದ್ಯುಚ್ಛಕ್ತಿಯ ಕಂಪೆನಿಯದು. ಎರಡು ನಾಲ್ಕಾಗುವುದು ಯಾವ ಮಹಾ ಮಾತು? ಇದಕ್ಕಿಂತ ಕೆಳಗೆ ಬೀಳಲು ಜಾಗವಾದರೂ ಎಲ್ಲಿದೆ? ಮೇಲಾಗಿ ಈ ಸೊತ್ತು ಕಣ್ಣಿಗೆ ಕಾಣತಕ್ಕದ್ದು. ಚಿತ್ರದುರ್ಗದ ಬೆಟ್ಟಗಳ ಮೇಲೆ, ಗದಗಿನ ಸೀಮೆಯಲ್ಲಿ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು ತಿರುಗುವುದನ್ನು ಬಸ್ಸಿನ ಕಿಟಕಿಯಿಂದ ಅವನೇ ನೋಡಿದ್ದಾನೆ. ತಿರುಗುವ ಯಂತ್ರ ಸುಳ್ಳು ಹೇಳೀತೆ?

ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ಯಂತ್ರ ಬೇರೆ, ಅದರಲ್ಲಿ ಒಬ್ಬನಿಗಿರುವ ಪಾಲು ಬೇರೆ. ಈ ಭೇದವನ್ನು ಮನಗಾಣಲು ಉಡುಪಿ ಜಿಲ್ಲೆಯ ಪಡುಬಿದ್ರಿಯವರೆಗೆ ಹೋದರೆ ಸಾಕು. ಅಲ್ಲಿ ಗಾಳಿಯಂತ್ರದ ರೆಕ್ಕೆಗಳ ಕಾರ್ಖಾನೆಯನ್ನು ಸ್ಥಾಪಿಸಿದುದು ಸುಜ್ಲಾನ್ ಕಂಪೆನಿ. ಗುಜರಾತಿನಲ್ಲಿ ಬಟ್ಟೆಯ ಉದ್ಯಮ ನಡೆಸುತ್ತಿದ್ದ ತುಳಸಿ ತಾಂತಿಯವರು ವಿದ್ಯುತ್ತಿನ ಖರ್ಚನ್ನು ತಾಳಲಾರದೆ ಎರಡು ಗಾಳಿಯಂತ್ರಗಳನ್ನು ಕೊಂಡರು. ಕೊನೆಗೆ ಬಟ್ಟೆಗಿಂತ ಗಾಳಿಯೇ ಲೇಸೆಂದು 1995ರಲ್ಲಿ ಈ ಕಂಪೆನಿಯನ್ನು ಆರಂಭಿಸಿದರು. 2005ರಲ್ಲಿ ಅದರ ಷೇರುಗಳು 510 ರೂಪಾಯಿಯಂತೆ ಸಾರ್ವಜನಿಕರಿಗೆ ದೊರೆತವು. 2008ರ ಜನವರಿಯಲ್ಲಿ ಒಂದೊಂದು ಷೇರನ್ನೂ ಐದಾಗಿ ವಿಭಜಿಸಲಾಯಿತು. ಈ ಸಣ್ಣ ಷೇರಿನ ಲೆಕ್ಕದಲ್ಲಿ ಹೇಳುವುದಾದರೆ, ಅದೇ ತಿಂಗಳು ಬೆಲೆ 450 ರೂಪಾಯಿಯ ಆಸುಪಾಸಿಗೆ ಏರಿತ್ತು.

ಆಮೇಲೆ ಗಾಳಿ ತಿರುಗಿತು. ಜರ್ಮನಿಯ ರೀಪವರ್ ಕಂಪೆನಿಯನ್ನು ಕೊಳ್ಳಲು ಮಾಡಿದ ಸಾಲ ಬೆನ್ನೇರಿತು. ಅಮೆರಿಕೆಗೆ ಕಳುಹಿಸಿದ ರೆಕ್ಕೆಗಳಲ್ಲಿ ಕೆಲವು ಬಿರುಕು ಬಿಟ್ಟವು. ಜಗತ್ತಿನ ಹಣದ ಪೇಟೆಯೇ ಕುಸಿಯಿತು. 2012ರ ಅಕ್ಟೋಬರಿನಲ್ಲಿ ವಿದೇಶೀ ಸಾಲಪತ್ರಗಳ ಸುಮಾರು 21 ಕೋಟಿ ಡಾಲರುಗಳನ್ನು ಗಡುವಿಗೆ ತೀರಿಸಲಾಗಲಿಲ್ಲ. ಆಸೆಪಟ್ಟು ಕೊಂಡ ಜರ್ಮನ್ ಕಂಪೆನಿಯನ್ನು 2015ರಲ್ಲಿ 100 ಕೋಟಿ ಯೂರೋಗಳಿಗೆ ಮಾರಿದುದಾಯಿತು. 2020ರ ಮಾರ್ಚಿನಲ್ಲಿ ಷೇರಿನ ಬೆಲೆ 2 ರೂಪಾಯಿಗೂ ಕೆಳಗಿತ್ತು. ತಾಂತಿಯವರು 2022ರ ಅಕ್ಟೋಬರ್ 1ರಂದು ತೀರಿಕೊಂಡರು. ತಾವು ಕಟ್ಟಿದ ಕಂಪೆನಿ ಮತ್ತೆ ತಲೆಯೆತ್ತಿದುದನ್ನು ಪೂರ್ತಿಯಾಗಿ ಕಾಣಲು ಅವರು ಉಳಿಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅದೇ ಷೇರು 86 ರೂಪಾಯಿ ಮುಟ್ಟಿತು.

ಬಾಯಿಂದ ಬಾಯಿಗೆ ಹರಡುವುದು ಈ ಕಥೆಯ ಕೊನೆಯ ಭಾಗ ಮಾತ್ರ. 2 ರೂಪಾಯಿಯಂತೆ ಕೊಂಡವನ 45,000 ರೂಪಾಯಿ 19 ಲಕ್ಷವನ್ನು ದಾಟಿತೆಂಬುದು ಲೆಕ್ಕಕ್ಕೆ ಸರಿಯೇ. ಆದರೆ 2008ರಲ್ಲಿ 450ರಂತೆ ನೂರು ಷೇರು ಕೊಂಡು, ಅಷ್ಟೇ 45,000 ರೂಪಾಯಿ ಹಾಕಿದವನ ಪಾಡೇನು? ಹದಿನಾರು ವರ್ಷ ಕಾದ ಮೇಲೆ, ಆ ಸಂಭ್ರಮದ ದಿನದಲ್ಲಿಯೂ ಅವನ ಷೇರುಗಳ ಬೆಲೆ 8,600 ರೂಪಾಯಿ. ವಿಚಿತ್ರವೆಂದರೆ, ಒಟ್ಟು ಕಂಪೆನಿಗೆ ಪೇಟೆ ಕಟ್ಟಿದ ಬೆಲೆ ಅಂದು 2008ಕ್ಕಿಂತ ಹೆಚ್ಚಾಗಿಯೇ ಇತ್ತು. 2008ರಲ್ಲಿ ಇದ್ದುದು ಸುಮಾರು 150 ಕೋಟಿ ಷೇರುಗಳು. ಒಟ್ಟು ಬೆಲೆ 67,500 ಕೋಟಿ ರೂಪಾಯಿ. 2024ರಲ್ಲಿ ಸುಮಾರು 1,360 ಕೋಟಿ ಷೇರುಗಳು. ಒಟ್ಟು ಬೆಲೆ 1,16,000 ಕೋಟಿಗೂ ಮೇಲೆ. ಸಾಲದ ಭಾಗವನ್ನು ಷೇರುಗಳಾಗಿ ಮಾರ್ಪಡಿಸಿ, ಹೊಸ ಹಣಕ್ಕಾಗಿ ಮತ್ತೆ ಮತ್ತೆ ಷೇರುಗಳನ್ನು ಹೊರಡಿಸಿ ಕಂಪೆನಿ ಪ್ರಾಣ ಉಳಿಸಿಕೊಂಡಿತು. 2022ರಲ್ಲಿ 5 ರೂಪಾಯಿಯಂತೆ ಹೊರಡಿಸಿದುವೇ 240 ಕೋಟಿ. ಅದು ತಪ್ಪೆನ್ನುವಂತಿಲ್ಲ, ಹಾಗೆ ಮಾಡದಿದ್ದರೆ ಬದುಕುವುದು ಕಷ್ಟವಾಗುತ್ತಿತ್ತು. ಮನೆ ನಿಂತಿತು, ಆದರೆ ಪಂಕ್ತಿಯಲ್ಲಿ ಎಲೆಗಳು ಒಂಬತ್ತು ಪಟ್ಟಾಗಿದ್ದುವು.

ಬದುಕದೆ ಹೋದ ಕಂಪೆನಿಯ ಕಥೆಯೂ ಪಡುಬಿದ್ರಿಯ ನೆರೆಯಲ್ಲಿಯೇ ಇದೆ. ನಂದಿಕೂರಿನ ಬಳಿ 1,200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನು ಕಟ್ಟಿದುದು ಲ್ಯಾಂಕೊ ಸಮೂಹ. ಸಾಲದ ಭಾರದಲ್ಲಿ ಸಿಲುಕಿದ ಅದು 2015ರಲ್ಲಿ ಈ ಸ್ಥಾವರವನ್ನು ಅದಾನಿ ಸಮೂಹಕ್ಕೆ ಮಾರಿತು. 2017ರಲ್ಲಿ ರಿಸರ್ವ್ ಬ್ಯಾಂಕು ದಿವಾಳಿಯ ವಿಚಾರಣೆಗಾಗಿ ಮೊದಲು ಗುರುತಿಸಿದ 12 ದೊಡ್ಡ ಸಾಲಗಾರರಲ್ಲಿ ಲ್ಯಾಂಕೊ ಇನ್‌ಫ್ರಾಟೆಕ್ ಒಂದು. ಆ ದಿನಗಳಲ್ಲಿ ಅದರ ಷೇರೂ ಒಂದೆರಡು ರೂಪಾಯಿಗೇ ದೊರೆಯುತ್ತಿತ್ತು. 2018ರ ಆಗಸ್ಟಿನಲ್ಲಿ ಕಂಪೆನಿಯ ಆಸ್ತಿಗಳನ್ನು ಮಾರಿ ಮುಚ್ಚತಕ್ಕದ್ದೆಂದು ನ್ಯಾಯಮಂಡಳಿ ಆಜ್ಞೆ ಮಾಡಿತು. 2016ರ ದಿವಾಳಿ ಸಂಹಿತೆಯ ಪ್ರಕಾರ, ಹಾಗೆ ಮಾರಿ ಬಂದ ಹಣದಲ್ಲಿ ವೆಚ್ಚ, ಕೆಲಸಗಾರರ ಬಾಕಿ, ಬ್ಯಾಂಕುಗಳ ಸಾಲ, ಸರ್ಕಾರದ ಬಾಕಿ ಇವೆಲ್ಲ ತೀರಿದ ಬಳಿಕ ಏನಾದರೂ ಮಿಕ್ಕರೆ ಕಟ್ಟಕಡೆಗೆ ಸಾಮಾನ್ಯ ಷೇರುದಾರನ ಸರದಿ. ನಂದಿಕೂರಿನ ಸ್ಥಾವರ ಒಡೆಯನನ್ನು ಬದಲಿಸಿ ಉಳಿಯಿತು. ಅದನ್ನು ಕಟ್ಟಿದ ಕಂಪೆನಿಯ ಷೇರನ್ನು "ಇನ್ನೆಲ್ಲಿಗೆ ಬೀಳೀತು?" ಎಂದು ಕೊಂಡವನಿಗೆ, ಎರಡು ರೂಪಾಯಿಯ ಕೆಳಗೂ ಒಂದು ಪಾತಾಳವಿದೆಯೆಂದು ತಿಳಿಯಿತು.

ಪಿತ್ರಾರ್ಜಿತ ಆಸ್ತಿಯ ವಿಭಾಗಪತ್ರಕ್ಕೆ ರುಜು ಹಾಕುವಾಗ ಇದೇ ಗೃಹಸ್ಥ ಎಷ್ಟು ಎಚ್ಚರದವನು! ದಾಯಾದಿಗಳು ಎಷ್ಟು ಮಂದಿ, ಹೊಲದ ಮೇಲೆ ಯಾರ ಸಾಲವಿದೆ, ನಾಳೆ ಹೊಸ ಹಕ್ಕುದಾರರು ಹುಟ್ಟಿಕೊಂಡಾರೆ ಎಂದು ಹತ್ತು ಸಲ ಕೇಳುತ್ತಾನೆ. "ತೆಂಗಿನ ಮರಗಳು ಚೆನ್ನಾಗಿ ಫಲ ಬಿಡುತ್ತಿವೆ" ಎಂಬ ಮಾತಿಗೆ ಅವನು ಮರುಳಾಗುವುದಿಲ್ಲ. ಷೇರಿನ ವಿಷಯದಲ್ಲಿಯೂ ಕೇಳತಕ್ಕ ಪ್ರಶ್ನೆಗಳು ಅವೇ. ಉತ್ತರಗಳೂ ಗುಟ್ಟಾಗಿಲ್ಲ, ಒಟ್ಟು ಷೇರುಗಳೆಷ್ಟು, ಸಾಲವೆಷ್ಟು, ಹಿಂದಿನ ವರ್ಷಕ್ಕಿಂತ ಷೇರುಗಳು ಹೆಚ್ಚಿವೆಯೆ ಎಂಬುದೆಲ್ಲ ಕಂಪೆನಿಯ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುತ್ತದೆ.

ಅಷ್ಟನ್ನೂ ಓದಿದ ಮೇಲೆಯೂ, ಎರಡು ರೂಪಾಯಿಯ ಎರಡು ಷೇರುಗಳಲ್ಲಿ ಯಾವುದು ಏರುತ್ತದೆ, ಯಾವುದು ಅಳಿಯುತ್ತದೆ ಎಂಬುದು ಖಂಡಿತವಾಗದು. ಆದುದರಿಂದ ಅಲ್ಲಿಗೆ ಹೋಗಬಹುದಾದ ಹಣ, ಹೋದರೂ ಮನೆಯ ಒಲೆ ಆರದಂಥ ಹಣ ಮಾತ್ರ. ಮಗಳ ಮದುವೆಯ ಗಂಟಲ್ಲ. "ಪಾಲಿಗೆ ಬಂದದ್ದು ಪಂಚಾಮೃತ" ಎಂದು ಸಮಾಧಾನ ತಂದುಕೊಳ್ಳುವುದು ಒಳ್ಳೆಯ ಗುಣವೇ. ಆದರೆ ಬಟ್ಟಲಿನ ಸುತ್ತ ಎಷ್ಟು ಕೈಗಳು ಚಾಚಿವೆಯೆಂದು ಮೊದಲೇ ಎಣಿಸಿಕೊಂಡವನಿಗೆ ಮಾತ್ರ ಆ ಸಮಾಧಾನ ಒಪ್ಪುತ್ತದೆ.